ರಟ್ಟಿನ ಕೊಳವೆಯ ರುಚಿ

ಮಕ್ಕಳೇ, ಶಕುನ, ಕನಸು ಎಂದು ಯಾರಾದರೂ ಕಥೆ ಶುರುಮಾಡಿದರೆ ಎದ್ದು ಒಳಗೆ ಹೋಗುತ್ತಿದ್ದವಳು ನಾನು. ಈಗ ನಾನೇ ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳಿದ್ದಕ್ಕೆ ನಿಮ್ಮ ಅಪ್ಪ, "ಅದು ಟೆನ್ಶನ್ ಅಮ್ಮ" ಎಂದು ಮುಗಿಸಿಬಿಟ್ಟ.

ನಿಮ್ಮ ಅಜ್ಜ ಗುತ್ತಿಗಾರಿನಲ್ಲಿ ಚಿನ್ನದ ಕೆಲಸ ಮಾಡುತ್ತಿದ್ದರು. ಅವರ ಬಲ ಶ್ವಾಸಕೋಶದಲ್ಲಿ ಗಡ್ಡೆ ಕಂಡಿತು. ಶ್ವಾಸಕೋಶಕ್ಕೆ ಬಲದಲ್ಲಿ ಮೂರು ಪಾಲು, ಎಡದಲ್ಲಿ ಎರಡು ಇರುತ್ತವಂತೆ. ಬಲದ ಮೇಲಿನ ಪಾಲು ತೆಗೆದರೆ ಬದುಕಬಹುದು, ಆದರೆ ಉಳಿದ ನಾಲ್ಕಕ್ಕೆ ತಾಕತ್ತು ಇದೆಯಾ ಎಂದು ಊದಿಸಿ ನೋಡಬೇಕು ಎಂದರು ಸರ್ಜನ್.

ಸುಳ್ಯದ ಆಸ್ಪತ್ರೆಯಲ್ಲಿ ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ರಟ್ಟಿನ ಕೊಳವೆ ಕೊಟ್ಟರು. ಒಮ್ಮೆಲೇ ಜೋರಾಗಿ ಊದಬೇಕಿತ್ತು. ಇವರೋ ಕೆನ್ನೆ ಉಬ್ಬಿಸಿ, ಮೆಲ್ಲಗೆ, ಎಳೆಯೆಳೆಯಾಗಿ ಊದಿದರು. ನಲವತ್ತು ವರ್ಷ ಬೆಸುಗೆಯ ಉರಿಯನ್ನು ಹಾಗೆಯೇ ಊದಿದ ಬಾಯಿ ಅದು.

"ಎಂತ ಅಜ್ಜ, ಮಗುವಿಗೆ ಗಂಜಿ ಆರಿಸುವ ಹಾಗೆ ಊದುದು?" ಎಂದಳು ಪರೀಕ್ಷೆ ಮಾಡುವ ಹುಡುಗಿ.

"ಜೋರು ಊದಿ ಚಿನ್ನ ಹಾರಿಹೋದ್ರೆ ನೀನು ಕೊಡ್ತೀಯಾ ಮಾರಾಯ್ತಿ?" ಎಂದರು ಅಜ್ಜ, ಏದುಸಿರಿನಲ್ಲೇ.

ಅವರು ಹಾಗೆ ಊದುವ ಕಾರಣ ನನಗೆ ಗೊತ್ತಿತ್ತು. ಓದಿದವರ ಮುಂದೆ ಹೇಳಲು ನಾಚಿಕೆ. ನನ್ನ ಮೇಲೆಯೇ ಸಿಟ್ಟು ಬಂದು ಅವರ ಬೆನ್ನ ಮೇಲೆ ಕೈ ಒತ್ತಿ ನಿಂತೆ.

ಮೂರನೆಯ ಸಲ ಅವರು ಊದಿದಾಗ ನನ್ನ ಎದೆ ಖಾಲಿಯಾಯಿತು. ಬಾಯಿ ಮುಚ್ಚಿಯೇ ಇತ್ತು; ಆದರೂ ಉಸಿರು ಹೋಗುತ್ತಲೇ ಇತ್ತು. ಯಂತ್ರ ಕುಂಯ್ ಎನ್ನುವವರೆಗೆ ಎಳೆದುಕೊಳ್ಳಲು ಆಗಲಿಲ್ಲ. ನಾಲಿಗೆಯ ಮೇಲೆ ಒದ್ದೆ ರಟ್ಟಿನ ರುಚಿ. ನೋಡಿದರೆ, ಪರದೆಯಲ್ಲಿ ಗೆರೆ ಗುಡ್ಡದಂತೆ ಎದ್ದಿತ್ತು.

"ಅಬ್ಬ! ಇದು ಊದಿದ್ದು ಅಜ್ಜನಾ, ಅಮ್ಮನಾ?" ಹುಡುಗಿ ನಕ್ಕಳು. "ಇಂಥದ್ದೇ ಇನ್ನೆರಡು ಬರ್ಬೇಕು. ಅಮ್ಮ, ನೀವು ಹೊರಗೆ ಕೂತ್ಕೊಳ್ಳಿ, ಬೆವರ್ತಾ ಇದ್ದೀರಿ."

ಹೊರಗೆ ಹೋದೆ. ಆಮೇಲೆ ಐದು ಸಲ ಊದಿಸಿದರಂತೆ, ಎಲ್ಲ ಮೊದಲಿನ ಎರಡರ ಹಾಗೆಯೇ. ಉಳಿದವಕ್ಕೆ ಹೊಂದದ ಒಂದು ಗೆರೆ ಲೆಕ್ಕಕ್ಕಿಲ್ಲ, ಯಂತ್ರದ ತಪ್ಪಿರಬೇಕು ಎಂದರು. ಇನ್ನೊಂದು ದಿನ ಕರೆಸಿದಾಗ ನನ್ನನ್ನು ಒಳಗೆ ಬಿಡಲೇ ಇಲ್ಲ. ಆಪರೇಶನ್ ಆಗದು ಎಂದುಬಿಟ್ಟರು. ಮುಂದಿನ ಮಳೆಗಾಲಕ್ಕೆ ಅಜ್ಜ ಇರಲಿಲ್ಲ.

ಆ ಗೆರೆ ಅಚ್ಚಾದ ಕಾಗದ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಎಷ್ಟು ನೋಡಿದರೂ ಆ ಗೆರೆ ಯಾರ ಉಸಿರಿನದೆಂದು ತಿಳಿಯುವುದಿಲ್ಲ. ಅದು ಹೋಗಲಿ. "ನಾನು ಇಲ್ಲೇ ನಿಲ್ತೇನೆ" ಎನ್ನಲು ಎಷ್ಟು ಉಸಿರು ಬೇಕಿತ್ತು ಮಕ್ಕಳೇ?