ಪಾಮ್ ಗಿಡಕ್ಕೆ ಪೂಜೆಯ ನೀರು

ಇವತ್ತು ಬೆಳಿಗ್ಗೆ ಹಾಲ್‌ನಲ್ಲಿರುವ ಪಾಮ್ ಗಿಡದ ಎಲೆ ಒರೆಸುತ್ತಿದ್ದೆ. ನಂದೂರ ರಸ್ತೆಯ ಮನೆ ನಮ್ಮದು. ದಾಲ್ ಮಿಲ್ಲುಗಳ ಧೂಳು ಮೂರನೇ ಮಹಡಿಯನ್ನೂ ಬಿಡುವುದಿಲ್ಲ. ನೋಡಿದರೆ ಗರಿಗಳ ತುದಿ ಒಣಗಿದೆ. ತೀರಿಕೊಂಡ ಅತ್ತೆಯ ಕಾರ್ಯ ಮುಗಿಸಿ ಕಮಲಾಪುರದಿಂದ ನಿನ್ನೆಯಷ್ಟೇ ಮರಳಿದ್ದೆವು. ಅಷ್ಟೂ ದಿನ ಗಿಡಕ್ಕೆ ನೀರಿಲ್ಲ.

ಇದು ನಮ್ಮ ಮನೆಯ ಎರಡನೇ ಪಾಮ್. ಮೊದಲನೆಯದನ್ನು ಆರಿಸಿದವಳು ನಾನು. ನನ್ನ ಜಾಣತನ ಕೇಳಿ: ನರ್ಸರಿಯಲ್ಲಿ ಎಲ್ಲಕ್ಕಿಂತ ಎತ್ತರದ್ದನ್ನೇ ತೋರಿಸಿ, ಆಟೋದಿಂದ ಅದರ ತಲೆ ಹೊರಗೆ ಚಾಚಿಸಿಕೊಂಡು, ಜಗತ್ ಸರ್ಕಲ್ ದಾಟಿ ಮೆರವಣಿಗೆಯಲ್ಲಿ ತಂದಿದ್ದೆ. ನಮ್ಮೂರ ಬಿಸಿಲು ನೇರ ಬಿದ್ದರೆ ಎಲೆ ಸುಟ್ಟೇಹೋಗುತ್ತದೆಂದು ಕಿಟಕಿಯ ಪಕ್ಕ, ಪರದೆಯ ಮರೆಯಲ್ಲಿಟ್ಟೆ. ವಾರಕ್ಕೆರಡು ಸಲ ತಪ್ಪದೆ ನೀರು ಹಾಕಿದೆ. ಆದರೂ ಗಿಡ ಹಳದಿಯಾಗುತ್ತ ಬಂತು.

ಒಂದು ದಿನ ಮಣ್ಣು ಕೆದಕಿದರೆ ಬಿಲ್ವಪತ್ರೆ, ವಿಭೂತಿಯ ಬಿಳಿ ಗಸಿ! ಕಮಲಾಪುರದಿಂದ ನಮ್ಮೊಂದಿಗಿರಲು ಬಂದಿದ್ದ ಅತ್ತೆ ದಿನಾ ಲಿಂಗಪೂಜೆಯ ನೀರನ್ನು ಅಲ್ಲಿಗೇ ಸುರಿಯುತ್ತಿದ್ದರು. ಇಬ್ಬರೂ ಸೇರಿ ಗಿಡವನ್ನು ಮುಳುಗಿಸಿದ್ದೆವು. ಸಿಟ್ಟು ಬಂದದ್ದು ಮಾತ್ರ ನನಗೊಬ್ಬಳಿಗೇ.

"ಅತ್ತೀ, ನಿಮ್ಮಿಂದನ ಗಿಡ ಸಾಯಲಾಕತ್ತದರೀ!"

"ಪೂಜಿ ನೀರು ಕಾಲಾಗ ಬೀಳಬಾರದವ್ವಾ. ಮೋರಿಗಿ ಹ್ಯಾಂಗ ಚೆಲ್ಲಲಿ? ಈ ಮನ್ಯಾಗ ಮಣ್ಣಂದ್ರ ಇದೊಂದೇ ಅದ."

ಮರುದಿನದಿಂದ ಅವರು ಗಿಡದ ತಂಟೆಗೆ ಬರಲಿಲ್ಲ. ಗೆದ್ದೆ ಎಂದುಕೊಂಡೆ. ನಾಲ್ಕನೇ ದಿನ, ಎರಡನೇ ಮಹಡಿಯ ಮೆಟ್ಟಿಲ ಮೇಲೆ ಮೊಣಕಾಲು ಹಿಡಿದು ಕೂತಿದ್ದರು. ಕೈಯಲ್ಲಿ ಖಾಲಿ ತಂಬಿಗೆ. ಗೇಟಿನಾಚೆಯ ಬೇವಿನ ಬುಡಕ್ಕೆ ನೀರು ಹಾಕಿ ಬರುತ್ತಿದ್ದರು. ಅವರ ಒಂದು ತಂಬಿಗೆ ನೀರಿಗೂ ಜಾಗವಿಲ್ಲದ ಮನೆ ಮಾಡಿಟ್ಟೆನಲ್ಲ ಎಂದು ಬಹಳ ನಾಚಿಕೆಯಾಯಿತು.

ಅಷ್ಟರಲ್ಲಿ ಬೇರು ಕೊಳೆತು ಆ ಗಿಡ ಸತ್ತಿತ್ತು. ಇಬ್ಬರೂ ನರ್ಸರಿಗೆ ಹೋದೆವು. ನನ್ನ ಕೈ ಮತ್ತೆ ಎತ್ತರದ್ದರ ಕಡೆಗೇ ಹೋಯಿತು. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಸಿದ ಅತ್ತೆ ನನ್ನ ಕೈ ಸರಿಸಿದರು.

"ಎತ್ತರ ನೋಡಬ್ಯಾಡ, ಸುಳಿ ನೋಡು."

ಮೊಣಕಾಲೆತ್ತರದ, ಬಿಗಿಯಾದ ಹೊಸ ಸುಳಿಯಿದ್ದ ಗಿಡ ಆರಿಸಿದರು. ತಳದಲ್ಲಿ ತೂತಿದ್ದ ಮಣ್ಣಿನ ಕುಂಡ, ಮಣ್ಣಿಗೆ ಅರ್ಧದಷ್ಟು ಉಸುಕು.

"ಇನ್ನ ಮ್ಯಾಲ ನೀವೇ ನೀರು ಹಾಕ್ರಿ ಅತ್ತೀ, ನಾ ಮುಟ್ಟಂಗಿಲ್ಲ," ಎಂದೆ. ಅವರೂ ಪೂಜೆಯ ನೀರನ್ನು ತಂಬಿಗೆಯಿಂದ ಒಂದೇ ಬಟ್ಟಲಿನಷ್ಟಕ್ಕೆ ಇಳಿಸಿದರು. ಗಿಡ ಈಗ ನನ್ನ ಹೆಗಲೆತ್ತರ ಬೆಳೆದಿದೆ.

ಅತ್ತೆಯ ಇಷ್ಟಲಿಂಗ ಅವರೊಂದಿಗೇ ಮಣ್ಣಿಗೆ ಹೋಯಿತು, ನಮ್ಮಲ್ಲಿ ಹಾಗೆಯೇ. ಗಿಡದ ನೀರೂ ಅಲ್ಲಿಗೇ ನಿಂತಿತೆಂಬುದು ಇವತ್ತಿನವರೆಗೆ ಹೊಳೆದಿರಲಿಲ್ಲ. ತಂಬಿಗೆಯಲ್ಲಿ ನಳದ ನೀರು ಹಿಡಿದು ಕುಂಡದವರೆಗೂ ಬಂದೆ. ಬರೀ ನೀರು ಸುರಿಯಲು ಕೈ ಬರಲಿಲ್ಲ. ಬೀರು ತೆರೆದು ನನ್ನ ಲಿಂಗವಿದ್ದ ಪುಟ್ಟ ಕರಡಿಗೆಯನ್ನು ಹುಡುಕಿದೆ. ಅತ್ತೆ ಎಷ್ಟು ಹೇಳಿದರೂ ಸೀರೆಗಳ ಅಡಿಯಲ್ಲಿಟ್ಟು ಮರೆತದ್ದು. ಕೆಳಗೆ ಅತ್ತೆಯ ಬಟ್ಟಲಿಟ್ಟುಕೊಂಡು, ಎಡಗೈಯಲ್ಲಿ ಲಿಂಗವಿಟ್ಟು ನೀರೆರೆದೆ. ಮಂತ್ರ ಅರ್ಧಕ್ಕೇ ಮರೆತುಹೋಯಿತು. ಇದು ಭಕ್ತಿಯೋ, ಬರೀ ಗಿಡದ ಚಿಂತೆಯೋ, ನೀವೇ ಹೇಳಬೇಕು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಹನಿ ನೆಲಕ್ಕೆ ಬೀಳದಂತೆ ನಡೆದೆ.

"ತಡ ಆತ್ರಿ ಅತ್ತೀ," ಎನ್ನುತ್ತ ಬುಡಕ್ಕೆ ಸುರಿದೆ.