ಹಳ್ಳ ದಾಟಿದರೆ ದುರಗ್ಯಾ

ದುರ್ಗಪ್ಪನವರು ಆಡಿಗೂ ‘ರೀ’ ಹಚ್ಚಿ ಮಾತನಾಡುತ್ತಿದ್ದರು. ಸರಕಾರಿ ಬಸ್ಸಿನ ಕಂಡಕ್ಟರು. ರಾಮದುರ್ಗದ ಸಂತೆಯ ದಿನ ಯಾರಾದರೂ ಮುದುಕಿ ಆಡು ಹಿಡಿದುಕೊಂಡು ಬಸ್ಸು ಹತ್ತಿದರೆ, ಅವಳಿಗೆ ಟಿಕೀಟು ಕೊಟ್ಟು, ಆಡಿನ ಕಡೆ ಬಗ್ಗಿ, “ಸ್ವಲ್ಪ ಒಳಗ ಸರೀರಿ, ಬಾಗಲದಾಗ ನಿಂದರಬ್ಯಾಡ್ರಿ” ಎನ್ನುವರು. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಅವರು ನಗುತ್ತಿರಲಿಲ್ಲ. ನಿವೃತ್ತಿಯಾಗಿ ಊರಿಗೆ ಬಂದ ಮೇಲೂ ಅಷ್ಟೇ. ದಸ್ತಗೀರನ ಚಹಾದಂಗಡಿಯ ಮುಂದೆ ಮಲಗುವ ಕರಿ ನಾಯಿಗೆ ಕಾಲು ತಗಲಿದರೆ, “ತಪ್ಪಾತ್ರಿ, ನೋಡಲಿಲ್ಲ” ಎಂದು ಹೇಳಿಯೇ ಮುಂದೆ ಹೋಗುತ್ತಿದ್ದರು.

ಇಲ್ಲಿ ನಾನು ‘ಅವರು’ ಎಂದು ಬರೆಯುತ್ತಿದ್ದೇನೆ. ಕೈ ಇನ್ನೂ ಹೊಂದಿಕೊಂಡಿಲ್ಲ, ನಡುನಡುವೆ ತಡೆಯುತ್ತದೆ. ನಾವಿಬ್ಬರೂ ಒಂದೇ ಊರಿನವರು, ಒಂದೇ ವಯಸ್ಸಿನವರು. ಹತ್ತನೆಯ ಇಯತ್ತೆಯವರೆಗೆ ಕಟಕೋಳದ ಸಾಲೆಗೆ ಕೂಡಿಯೇ ನಡೆದವರು. ನಾನು ಊರ ಗೌಡರ ಮನೆಯವನು, ಬಸನಗೌಡ. ಅವರು ದಲಿತರ ಓಣಿಯವರು. ನಾನು ಅವರನ್ನು ‘ದುರಗ್ಯಾ’ ಎನ್ನುತ್ತಿದ್ದೆ, ಅವರು ನನ್ನನ್ನು ‘ಗೌಡ್ರ’ ಎನ್ನುತ್ತಿದ್ದರು. ಇದನ್ನೇ ನಾನು ಗೆಳೆತನ ಎಂದು ತಿಳಿದಿದ್ದೆ.

ತೆಳ್ಳನೆಯ ಆಳು. ಖಾಕಿ ಬಿಟ್ಟ ಮೇಲೂ ಅಂಗಿಗೆ ಇಸ್ತ್ರಿ ತಪ್ಪಿಸಿದವರಲ್ಲ. ಟಿಕೀಟಿಗೆ ತೂತು ಹಾಕುವ ಚಿಮಟಿಗೆ ಹಿಡಿದು ಹಿಡಿದು ಬಲಗೈಯ ಹೆಬ್ಬೆರಳಿಗೆ ಅದೇ ರೂಢಿಯಾಗಿತ್ತು. ಸುಮ್ಮನೆ ಕುಳಿತಾಗಲೂ ಅದು ತನ್ನಷ್ಟಕ್ಕೆ ಒತ್ತುತ್ತಲೇ ಇರುತ್ತಿತ್ತು. “ಯಾರಿಗೆ ಟಿಕೀಟ್ ಕೊಡಾಕತ್ತೀಯೋ ದುರಗ್ಯಾ?” ಎಂದು ನಾನು ಕಾಡಿಸಿದರೆ, “ಮ್ಯಾಲ ಹೋಗವರು ಭಾಳ ಮಂದಿ ಅದಾರ್ರಿ, ಗದ್ದಲ ಆಗಬಾರದಲ್ರಿ” ಎನ್ನುವರು.

ಒಮ್ಮೆ ನಾನು ಅವರ ಬಸ್ಸಿನಲ್ಲಿ ರಾಮದುರ್ಗದಿಂದ ಊರಿಗೆ ಬರುತ್ತಿದ್ದೆ. ಸೂಟಕೇಸಿನವರು, ಮಾಸ್ತರರು, ವಕೀಲರು ಎಲ್ಲರೂ “ಕಂಡಕ್ಟರ್ ಸಾಹೇಬ್ರ, ಚಿಲ್ಲರ ಕೊಡ್ರಿ” ಎನ್ನುತ್ತಿದ್ದರು. ಕಟಕೋಳದಲ್ಲಿ ಹತ್ತಿದ ಪರಿಚಯದವರು “ದುರ್ಗಪ್ಪಾ” ಎಂದರು. ನಮ್ಮೂರ ಹಳ್ಳದ ಸೇತುವೆ ದಾಟಿ ಬಸ್ಸು ನಿಂತಿತ್ತೋ ಇಲ್ಲವೋ, ಮೀಸೆ ಮೂಡದ ಒಬ್ಬ ಕಿಟಕಿಯಿಂದ ಕೈ ಹಾಕಿ, “ಏ ದುರಗ್ಯಾ, ಈ ಗಂಟು ಸವದತ್ತಿಗೆ ಮುಟ್ಟಸೋ” ಎಂದ. ದುರ್ಗಪ್ಪನವರು ಗಂಟು ತೆಗೆದುಕೊಂಡು ನನ್ನ ಕಡೆ ತಿರುಗಿದರು.

“ಗೌಡ್ರ, ಟಿಕೀಟಿಗೆ ಸ್ಟೇಜ್ ಇದ್ದಂಗ ನನ್ನ ಹೆಸರಿಗೂ ಸ್ಟೇಜ್ ಅದಾವ್ರಿ. ರಾಮದುರ್ಗದಾಗ ಸಾಹೇಬ್ರು, ಕಟಕೋಳದಾಗ ದುರ್ಗಪ್ಪ, ಹಳ್ಳ ದಾಟಿದ್ರ ದುರಗ್ಯಾ.”

ನಾನು ಹೊಟ್ಟೆ ಹಿಡಿದು ನಕ್ಕೆ. ಊರ ತುಂಬ ಹೇಳಿಕೊಂಡು ತಿರುಗಿದೆ. ಅದು ನಗೆಮಾತು ಅಲ್ಲ ಎಂದು ಹೊಳೆಯಲಿಲ್ಲ.

ಎರಡು ಮಳೆಗಾಲದ ಹಿಂದಿನ ಮಾತು. ದಸ್ತಗೀರ ಅಂಗಡಿಯಲ್ಲಿ ಫೋನಿನ ವಿಡಿಯೋ ಹಚ್ಚಿದ್ದ. ಅದರಲ್ಲಿ ಒಬ್ಬ ಕಾಲೇಜು ಹುಡುಗಿ, ಹೆಸರು ಕೆಡಿಸಿ ಕರೆಯುವುದೂ ದಬ್ಬಾಳಿಕೆಯೇ ಎಂದು ಭಾಷಣ ಮಾಡುತ್ತಿದ್ದಳು. ನನಗೆ ಸಿಟ್ಟು ಬಂತು.

“ಇವೆಲ್ಲಾ ಹೊಟ್ಟಿ ತುಂಬಿದವರ ಮಾತು. ಹೊಡದ್ರ, ಬಡದ್ರ, ಕುಡ್ಯಾಕ ನೀರ್ ಕೊಡಲಿಲ್ಲಂದ್ರ ಅದು ಖರೇ ದಬ್ಬಾಳಿಕಿ. ಹೆಸರು ಕರದ್ರ ಮೈ ಏನ್ ಸವೀತೈತಿ? ಈಗ ದಬ್ಬಾಳಿಕಿ ಆಗಾಕ ಹತ್ತಿದ್ದು ನಮ್ಮ ಮ್ಯಾಲ. ಬಾಯಿ ತಗದ್ರ ತಪ್ಪು.”

“ನಿಮ್ಮ ಮ್ಯಾಲ ದಬ್ಬಾಳಿಕಿ ಮಾಡೋ ತಾಕತ್ತು ನಮ್ಮ ಅಕ್ಕಾರಿಗೆ ಬಿಟ್ರ ಯಾರಿಗೈತ್ರಿ?” ಎಂದ ದಸ್ತಗೀರ. ನನ್ನ ಹೆಂಡತಿಯ ಬಾಯಿ ಊರಿಗೇ ಗೊತ್ತು. ಎಲ್ಲರೂ ನಕ್ಕರು.

ನಾನು ದುರ್ಗಪ್ಪನವರ ಕಡೆ ತಿರುಗಿದೆ. “ನೀನ ಹೇಳೋ ದುರಗ್ಯಾ. ನನ್ನಿಂದ ನಿನಗೇನರ ದಬ್ಬಾಳಿಕಿ ಆಗೇತೇನು?”

ಅವರು ಬಸಿಯಲ್ಲಿನ ಚಹಾ ಊದುತ್ತ, “ನಮ್ಮಪ್ಪ ಕಂಡದ್ದನ್ನ ನಾ ಕಂಡಿಲ್ರಿ. ಅದರ ಮುಂದ ಇದು ಏನೂ ಅಲ್ಲ, ಖರೇನ” ಎಂದರು.

“ಕೇಳಿದ್ರೇನು? ಅವನ ಬಾಯಿಲೇ ಬಂತು!” ಎಂದೆ ನಾನು.

“ಏನೂ ಅಲ್ಲಂದ ಮ್ಯಾಲ, ನಾನೂ ನಿಮಗ ಒಂದ ಸಲ ಅನ್ನಲೇನ್ರಿ?”

“ಅನ್ನು. ಯಾರ್ ಬ್ಯಾಡಂದ್ರು?”

ಅವರು ಬಸಿ ಕೆಳಗಿಟ್ಟರು. ಬಾಯಿ ಒರೆಸಿಕೊಂಡರು. ಹೆಬ್ಬೆರಳು ಒತ್ತುವುದನ್ನು ನಿಲ್ಲಿಸಿತ್ತು.

“ಏ ಬಸ್ಯಾ, ಚಹಾ ಆರಾಕತ್ತೈತಿ, ಕುಡಿಯಲೇ.”

ಯಾರೂ ನಗಲಿಲ್ಲ. ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ತಿಳಿಯದು. ಬಲಗೈ ಭುಜದ ಮಟ್ಟಕ್ಕೆ ಏರಿತ್ತು. ನಡುವೆ ದಸ್ತಗೀರ ಬರದಿದ್ದರೆ ಅದು ಎಲ್ಲಿ ಇಳಿಯುತ್ತಿತ್ತು ಎಂದು ನನಗೆ ಗೊತ್ತು. “ನಾಲಿಗಿ ಬಿಗಿ ಹಿಡದು ಮಾತಾಡು!” ಎಂದು ಒದರಿದೆ. ನನ್ನ ಚಹಾದ ಕಪ್ಪು ಕಟ್ಟೆಯ ಮೇಲೆ ಬಿದ್ದು ಒಡೆಯಿತು.

ದುರ್ಗಪ್ಪನವರು ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, “ಏನೂ ಅಲ್ಲಂದ್ರಲ್ರಿ ಗೌಡ್ರ” ಎಂದು ಎದ್ದು ಹೋದರು. ನಾಯಿ ದಾರಿಗೆ ಅಡ್ಡ ಮಲಗಿತ್ತು. ಅದನ್ನು ಬಳಸಿಕೊಂಡು ಹೋದರು.

ಅವತ್ತಿನಿಂದ ಅವರು ಅಂಗಡಿಗೆ ಬರಲಿಲ್ಲ. ನಾನೂ ಕರೆಯಲಿಲ್ಲ. ಎದುರಿಗೆ ಸಿಕ್ಕರೆ ಮೊದಲಿನಂತೆಯೇ “ಆರಾಮ್ರಿ ಗೌಡ್ರ?” ಎನ್ನುವರು. ನಾನು ಗಂಟಲು ಸರಿಮಾಡಿಕೊಂಡು ದಾಟುತ್ತಿದ್ದೆ. ಸಿಟ್ಟು ಇಳಿದ ಮೇಲೆ ಉಳಿದದ್ದು ದಣಿವು. ಖರೇ ದಬ್ಬಾಳಿಕೆ ಯಾವುದು ಎಂದು ಅಂಗಡಿಯಲ್ಲಿ ಈಗಲೂ ವಾದ ನಡೆಯುತ್ತದೆ. ನನ್ನನ್ನು ಕೇಳಿದರೆ ಬಲಗೈಯನ್ನು ಮಡಿಲಲ್ಲಿಟ್ಟುಕೊಳ್ಳುತ್ತೇನೆ.

ಮರುವರ್ಷ ದುರ್ಗಪ್ಪನವರಿಗೆ ಎದೆಬೇನೆ ಜಾಸ್ತಿಯಾಗಿ ಬೈಲಹೊಂಗಲದ ಮಗಳ ಮನೆಗೆ ಹೋದರೆಂದು ದಸ್ತಗೀರ ಹೇಳಿದ. ಹೋಗಲೋ ಬೇಡವೋ ಎಂದು ಬಹಳ ದಿನ ತಳ್ಳಿದೆ. ಕಡೆಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರ ಹೆಸರನ್ನು ಬಾಯೊಳಗೆ ಅಂದುಕೊಳ್ಳುತ್ತ ಹೋದೆ. ಬಾಗಿಲಲ್ಲಿ ನಿಂತು ಕೂಗಿದೆ:

“ದುರ್ಗಪ್ಪನವರು ಅದಾರೇನ್ರಿ?”

“ಯಾರ್ರಿ? ಕರೆಂಟ್ ಬಿಲ್ಲಿನವರೇನ್ರಿ?” ಎಂದಿತು ಒಳಗಿನಿಂದ ದುರ್ಗಪ್ಪನವರ ದನಿ.

ನನ್ನ ದನಿ ಅವರಿಗೆ ಗುರುತಿಲ್ಲದ್ದಲ್ಲ. ಆದರೆ ಆ ದನಿಯಲ್ಲಿ ಆ ಹೆಸರನ್ನು ಅವರು ಎಂದೂ ಕೇಳಿರಲಿಲ್ಲ.

“ನಾನ್ರಿ, ಬಸನಗೌಡ” ಎಂದು ಒಳಗೆ ಹೋದೆ. ಹಾಸಿಗೆಯಿಂದ ಏಳಲು ಹೋದರು. “ಏಳಬ್ಯಾಡ್ರಿ” ಎಂದೆ. ಯಾರಿಗೆ ಅಂದೆ ಎನ್ನುವಂತೆ ಅವರು ಮಗಳ ಕಡೆ ನೋಡಿದರು.

“ತಪ್ಪಾತು ದುರ್ಗಪ್ಪನವರ. ಅವತ್ತಿನದಷ್ಟ ಅಲ್ಲ. ಇನ್ನ ಮ್ಯಾಲ ನೀವೂ ನನಗ ಬಸ್ಯಾ ಅನ್ರಿ. ಈಗ ಒಮ್ಮೆ ಅನ್ರಿ.”

“ಬ್ಯಾಡ್ರಿ ಗೌಡ್ರ. ಅಂದು ನೋಡಿದ್ನಲ್ಲ. ನನ್ನ ಬಾಯಿಗೂ ಅದು ರುಚಿ ಹತ್ತಲಿಲ್ಲ.” ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. “ನಿಮ್ಮ ಹೆಸರು ಸಣ್ಣದ ಮಾಡಿ ನನಗೇನ್ ಬರತೈತ್ರಿ? ನನ್ನ ಹೆಸರು ನನಗ ಪೂರಾ ಬೇಕಾಗಿತ್ತು, ಅಷ್ಟ. ಇಲ್ಲಿ ಬೈಲಹೊಂಗಲದಾಗ ಎಲ್ಲಾರೂ ಅಂತಾರ. ನೀವು ಅದನ್ನ ಹಳ್ಳದ ಆಚಿ ಕಡೆ ಅಂದ್ರ ಸಾಕು.”

“ಅಂತೇನ್ರಿ” ಎಂದೆ. ಕೈ ಹಿಡಿದು ಮಾತು ಕೊಟ್ಟೆ. ನನ್ನ ಅಂಗೈಯಲ್ಲಿ ಅವರ ಹೆಬ್ಬೆರಳು ಮೆಲ್ಲಗೆ ಒತ್ತುತ್ತಿತ್ತು.

“ದಸ್ತಗೀರ ಚಹಾಕ್ಕ ಶುಂಠಿ ಹಾಕತಾನೋ, ಬರೇ ನೀರು ಕಾಸತಾನೋ?” ಎಂದು ಕೇಳಿದರು. ನಕ್ಕೆವು.

ದೀಪಾವಳಿ ಮುಗಿದ ವಾರದಲ್ಲಿ ಅವರು ತೀರಿಕೊಂಡರು. ಮಣ್ಣು ಊರಲ್ಲೇ ಆಗಬೇಕೆಂದು ಮಗಳು ದೇಹವನ್ನು ಊರಿಗೆ ತಂದಳು. ದಸ್ತಗೀರ ಅಂಗಡಿಯ ಬಾಗಿಲು ಅರ್ಧ ಎಳೆದಿದ್ದ. ಊರ ಮಂದಿ ಕಟ್ಟೆಯ ಸುತ್ತ ನಿಂತಿದ್ದರು, ನಮ್ಮ ಓಣಿಯವರೇ ಹೆಚ್ಚು. ಬಿಳಿ ಗಾಡಿ ಸೇತುವೆ ದಾಟಿ ನಿಧಾನವಾಗಿ ಈಚೆ ಬಂತು.

ಪಕ್ಕದಲ್ಲಿದ್ದ ನನ್ನ ದೊಡ್ಡಪ್ಪನ ಮಗ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ.

“ದುರಗ್ಯಾನ ಗಾಡಿ ಏನೋ ಅದು?”

ಪೂರಾ ಹೆಸರು ನನ್ನ ಬಾಯಿಯವರೆಗೆ ಬಂದಿತ್ತು. ಸುತ್ತ ಎಲ್ಲರೂ ನನ್ನವರೇ ಇದ್ದರು. ಗಾಡಿ ನನ್ನ ಮುಂದೆಯೇ ಹಾದುಹೋಯಿತು.

“ಹೂಂ, ಅವನದ” ಎಂದೆ.