ಹೆಂಗಸರ ಕಡೆಯಿಂದ ಏನಿಲ್ಲ

ಆ ಮಾತನ್ನು ನಾನು ಸಭೆಯಲ್ಲಿ ಹೇಳಲೇ ಇಲ್ಲ, ಗಿರಿಜಾ. ಹೇಳಿದೆನೆಂದು ನಿನಗೆ ಸುಳ್ಳು ಹೇಳಿದೆ. ಇಷ್ಟು ವರ್ಷ ನೀನು ನಂಬಿಕೊಂಡು ಬಂದೆ, ನಾನು ನಂಬಲು ಬಿಟ್ಟೆ — ಇನ್ನು ನನ್ನಿಂದ ಆಗುವುದಿಲ್ಲ. ಸಾಕಾಗಿದೆ.

ಶರಾವತಿಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ ಅದು. ಮುಳುಗಡೆಯ ಕುಟುಂಬಗಳು ಆನಂದಪುರದ ಸುತ್ತಮುತ್ತ ಬಂದು ಇಳಿಯುತ್ತಿದ್ದವು. ನಮ್ಮೂರಿಗೂ ಕೆಲವರು ಬರುವವರಿದ್ದರು. ಅವರಿಗೆ ನಿವೇಶನ ಎಲ್ಲಿ, ಹೊಸ ರಸ್ತೆ ಎಲ್ಲಿ, ಬಾವಿ ಎಲ್ಲಿ — ಊರು ಹೇಗೆ ಬೆಳೆಯಬೇಕೆಂದು ಊರವರೇ ಹೇಳಲಿ ಎಂದು ಬಿ.ಡಿ.ಓ. ಸಾಹೇಬರು ಸಭೆ ಕರೆದರು. ಪಂಚಾಯ್ತಿಯಲ್ಲಿ ಹೆಂಗಸರಿಗೆಂದು ಇಟ್ಟಿದ್ದ ಜಾಗದಲ್ಲಿ ಕೂತವಳು ನಾನು. ನಾಲ್ಕಕ್ಷರ ಓದಿದ್ದೆ ಎಂಬುದೊಂದೇ ನನ್ನ ಯೋಗ್ಯತೆ.

ನಿವೇಶನಕ್ಕೆ ಗುರುತು ಮಾಡಿದ್ದು ಶಾಲೆಯ ಹಿಂದಿನ ಹಕ್ಕಲು. ಗಂಡಸರ ಲೆಕ್ಕದಲ್ಲಿ ಅದು ಬರೀ ಮುಳ್ಳು ಬೆಳೆದ ಪಾಳು ಜಾಗ. ಊರ ಹೆಂಗಸರು ಬಯಲಕಡೆಗೆ ಹೋಗುತ್ತಿದ್ದುದು ಅಲ್ಲಿಗೇ. ಮರೆ ಎಂದು ಇದ್ದದ್ದೇ ಆ ಪೊದೆಗಳು. ಸಭೆಯ ಹಿಂದಿನ ದಿನ ಕೊಯ್ಲಿನ ಗದ್ದೆಯಲ್ಲಿ ನೀವೆಲ್ಲ ನನ್ನನ್ನು ಸುತ್ತಿಕೊಂಡಿರಿ. ಎಲ್ಲರ ಪರವಾಗಿ ಬಾಯಿಬಿಟ್ಟವಳು ನೀನು. "ಅಷ್ಟು ಜಾಗ ಬಿಟ್ಟು ಮನೆ ಕಟ್ಕಳ್ಲಿ ಅಂತ ಹೇಳೇ ಮಾರಾಯ್ತಿ. ಇಲ್ದಿದ್ರೆ ನಾವು ಹಳ್ಳ ದಾಟಿ ಹೋಗ್ಬೇಕು. ಮಳೆಗಾಲ್ದಾಗೆ ಏನ್ ಮಾಡೋದು?" ಹೂಂ ಎಂದೆ ನಾನು, ದೊಡ್ಡ ಮನುಷ್ಯಳ ಹಾಗೆ.

ಸಭೆಯಲ್ಲಿ ನನಗೂ ಒಂದು ಕುರ್ಚಿ ಹಾಕಿದ್ದರು. ಮಾವನವರ ವಾರಿಗೆಯವರೆಲ್ಲ ಎದುರಿಗೆ. ರಸ್ತೆಯ ಮಾತು ಮುಗಿಯಿತು, ಬಾವಿಯದೂ ಮುಗಿಯಿತು. ಪಂಚಾಯ್ತಿ ಛೇರ್ಮನ್ನರು ನನ್ನ ಕಡೆ ತಿರುಗಿದರು.

"ಹೆಂಗಸ್ರ ಕಡೇದು ಏನಾದ್ರೂ ಇದ್ರೆ ಹೇಳಮ್ಮ. ನಾಚ್ಕೋಬೇಡ."

ಅವರು ಕಾದರು, ಗಿರಿಜಾ. ಇದನ್ನೂ ನಿನ್ನಿಂದ ಮುಚ್ಚಿಟ್ಟೆ. ಹೆಂಗಸರಿಗೆ ಸ್ವಲ್ಪ ಮರೆ ಬೇಕು ಎಂದಿದ್ದರೆ ಸಾಕಿತ್ತು, ಯಾರಿಗಾದರೂ ಅರ್ಥವಾಗುತ್ತಿತ್ತು. ಆದರೆ ಕುರ್ಚಿ ಸಿಕ್ಕ ಮೊದಲ ದಿನವೇ ಇಂಥ ಮಾತೇ — ಇದನ್ನು ಹೇಳಲು ಬಂದಳೇ ಇವಳು ಎಂದು ಅವರು ನಕ್ಕುಬಿಟ್ಟರೆ —

"ಹೆಂಗಸರ ಕಡೆಯಿಂದ ಏನಿಲ್ಲ" ಎಂದುಬಿಟ್ಟೆ.

ನಮ್ಮ ಹಿತ್ತಲಲ್ಲಿ ಆ ವರ್ಷ ತಾನೇ ಕಕ್ಕಸು ಕಟ್ಟಿಸಿದ್ದರು. ನನಗೆ ಆ ಹಕ್ಕಲು ಬೇಕಿರಲಿಲ್ಲ. ಬೇಕಿದ್ದರೆ ನಾಚಿಕೆ ಬಿಟ್ಟು ಹೇಳುತ್ತಿದ್ದೆನೋ ಏನೋ.

ಸಂಜೆ ನೀನು ಓಡಿಬಂದು ಕೇಳಿದೆ. "ಹೇಳ್ದೆ ಕಣೇ, ಗಂಡಸ್ರು ಕಿವಿಗೇ ಹಾಕ್ಕೊಳ್ಲಿಲ್ಲ" ಎಂದೆ ನಾನು. ನೀನು ನನ್ನ ಕೈ ಹಿಡಿದುಕೊಂಡೆ. "ಹೋಗ್ಲಿ ಬಿಡು. ನೀನಾದ್ರೂ ಹೇಳಿದ್ಯಲ್ಲ."

ಹಕ್ಕಲು ಸವರಿದರು, ಮನೆಗಳು ಎದ್ದವು. ನೀವು ಬೆಳಕು ಹರಿಯುವ ಮುಂಚೆ ಹಳ್ಳ ದಾಟಬೇಕಾಯಿತು. ಹಗಲೆಲ್ಲ ನೀರು ಕುಡಿಯದೆ ಇರುವುದನ್ನು ನೀನು ರೂಢಿ ಮಾಡಿಕೊಂಡೆ. ಗದ್ದೆಯಲ್ಲಿ ಚೊಂಬು ಚಾಚಿದರೆ ಬೇಡವೆಂದು ತಲೆಯಾಡಿಸುತ್ತಿದ್ದೆ. ಕೊನೆಗೆ ಉರಿಮೂತ್ರ, ಜ್ವರ, ಸಾಗರದ ಆಸ್ಪತ್ರೆ. ನಾನು ಗಂಜಿ ತಂದುಕೊಟ್ಟೆ. ಹಾಸಿಗೆಯಲ್ಲಿ ಮಲಗಿಕೊಂಡೇ ನೀನು ಛೇರ್ಮನ್ನರಿಗೆ ಶಾಪ ಹಾಕಿದೆ. ನಾನು ಸುಮ್ಮನಿರಬಹುದಿತ್ತು — ಹೂಂಗುಟ್ಟಿದೆ. ಆ ಮನುಷ್ಯ ಸಾಯುವವರೆಗೂ ನಮ್ಮೂರ ಹೆಂಗಸರು ಅವರಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಯಾಕೆಂದು ಅವರಿಗೆ ತಿಳಿಯಲೇ ಇಲ್ಲ.

ಮೊನ್ನೆ ನಿನ್ನ ಸೊಸೆ ಗ್ರಾಮಸಭೆಗೆ ಹೋಗಲು ಹಿಂಜರಿದಾಗ ನೀನು ನನ್ನತ್ತ ಕೈ ತೋರಿಸಿದೆ. "ಇವ್ಳನ್ನ ನೋಡಿ ಕಲಿ. ಆ ಕಾಲ್ದಾಗೇ ಅಷ್ಟು ಗಂಡಸ್ರ ಎದ್ರಿಗೆ ಮಾತಾಡ್ದೋಳು." ಆ ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಮುಟ್ಟಿಸಿಕೊಂಡೆ. ಅವತ್ತಿನಿಂದ ಊಟ ಸೇರುತ್ತಿಲ್ಲ.

ಅವಳು ಸಭೆಗೆ ಹೊರಡುವ ಮುಂಚೆ ನಿಮ್ಮ ಮನೆಗೆ ಬರುತ್ತೇನೆ. ಇದನ್ನೆಲ್ಲ ಅವಳ ಎದುರಿಗೇ ಹೇಳುತ್ತೇನೆ. ನೀನು ಬೈದರೆ ಬೈಸಿಕೊಳ್ಳುತ್ತೇನೆ, ಬಾಗಿಲು ಹಾಕಿಕೊಂಡರೆ ತಿರುಗಿ ಬರುತ್ತೇನೆ. ಆದರೆ ಆ ಹುಡುಗಿ ನನ್ನನ್ನು ನೋಡಿ ಕಲಿಯುವುದು ಬೇಡ.